11 ನಿಮಿಷದಲ್ಲಿ ಒಂದು ಪ್ರಳಯಾಸ್ತ್ರ

ನಾನು ಮೈಸೂರಿನಲ್ಲಿ ಕೂತು ಮಕ್ಕಳ ಅನಿಮೇಷನ್ ಸರಣಿಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ನಮ್ಮ ಒಂದು ಎಪಿಸೋಡ್ ಅಂದರೆ 11 ನಿಮಿಷ. ಅಷ್ಟರೊಳಗೆ ಲೋಕವನ್ನೇ ಸುಡುವ ಅಸ್ತ್ರ ಬರಬೇಕು, ನಿಲ್ಲಲೂ ಬೇಕು.

ಮೊದಲ ಸಲ ದೊಡ್ಡ ಯಂತ್ರ, ಕೆಂಪು ಗುಂಡಿ, ಹತ್ತರಿಂದ ಇಳಿಯುವ ಗಡಿಯಾರ ಇಟ್ಟಿದ್ದೆ. ಸ್ಟೋರಿಬೋರ್ಡ್ ಚಿತ್ರಗಳಿಗೆ ಧ್ವನಿ ಜೋಡಿಸಿ ಅನಿಮ್ಯಾಟಿಕ್ ಮಾಡಿದೆವು. ಕುವೆಂಪುನಗರದ ಮನೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ತೋರಿಸಿದೆ. "ಒಂದು ಸೆಕೆಂಡ್ ಇದ್ದಾಗ ನಿಂತುಹೋಗುತ್ತೆ ಅಂಕಲ್" ಅಂದಳು ಒಬ್ಬಳು. ಹಾಗೇ ಆಯಿತು. ನನಗೆ ಬಹಳ ಬೇಜಾರಾಯಿತು.

ತಪ್ಪು ಗಡಿಯಾರದ್ದಲ್ಲ. 1974ರ ಜಪಾನಿ ಸರಣಿ 'ಸ್ಪೇಸ್ ಬ್ಯಾಟಲ್‌ಶಿಪ್ ಯಾಮಾಟೊ'ದಲ್ಲೂ ಭೂಮಿಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಲೆಕ್ಕ ಹೇಳುತ್ತಾ ಹೋಗುತ್ತಾರೆ. ಆದರೆ ಆ ಹಡಗಿನ ಮಹಾ ಫಿರಂಗಿಗೆ ಎಂಜಿನ್ನಿನ ಶಕ್ತಿಯನ್ನೆಲ್ಲ ಸುರಿಯಬೇಕು. ಹಾರಿಸಿದ ಮೇಲೆ ಹಡಗಿನಲ್ಲಿ ಸ್ವಲ್ಪ ಹೊತ್ತು ತ್ರಾಣವೇ ಇರುವುದಿಲ್ಲ. ಅಂದರೆ ಅಸ್ತ್ರಕ್ಕೊಂದು ನಿಯಮ ಇದೆ. ನನ್ನ ಯಂತ್ರಕ್ಕೆ ಅದೇ ಇರಲಿಲ್ಲ.

ನಿಯಮ ಸಿಕ್ಕಿದ್ದು ಊರಿನ ನೆನಪಲ್ಲಿ. ನಮ್ಮ ಮಂಡ್ಯದ ಕಡೆ ಹಬ್ಬ ಬಂತೆಂದರೆ ಕುರುಕ್ಷೇತ್ರ ನಾಟಕ. ನಾಟಕ ಮುಗಿದು ಮನೆಗೆ ನಡೆಯುವಾಗ ತಾತ ಅದರಲ್ಲಿಲ್ಲದ ಕಥೆಗಳನ್ನೂ ಹೇಳೋರು. ದ್ರೋಣ ಸತ್ತ ಸಿಟ್ಟಿಗೆ ಅಶ್ವತ್ಥಾಮ ನಾರಾಯಣಾಸ್ತ್ರ ಬಿಡುತ್ತಾನೆ. ಎದುರು ನಿಂತಷ್ಟೂ ಅದರ ಉರಿ ಜಾಸ್ತಿ. ಆಯುಧ ಕೆಳಗಿಟ್ಟು ರಥ ಇಳಿಯಿರಿ ಅನ್ನುತ್ತಾನೆ ಕೃಷ್ಣ. ಎಲ್ಲರೂ ಇಳಿದರು, ಭೀಮ ಇಳಿಯಲಿಲ್ಲ. ಕೊನೆಗೆ ಕೃಷ್ಣಾರ್ಜುನರೇ ಅವನನ್ನು ರಥದಿಂದ ಎಳೆದು ಇಳಿಸಬೇಕಾಯಿತು.

ನನ್ನ ಯಂತ್ರಕ್ಕೂ ಅದೇ ಗುಣ ಕೊಟ್ಟೆ. ಹೊಡೆದರೆ ಬೆಳೆಯುತ್ತದೆ, ಸುಮ್ನೆ ನಿಂತರೆ ಆರುತ್ತದೆ. ಈ ಮಾತನ್ನು 3ನೇ ನಿಮಿಷದಲ್ಲೇ ಒಬ್ಬ ಅಜ್ಜಿಯ ಬಾಯಲ್ಲಿ ಹೇಳಿಸಿದೆ. ಕಷ್ಟ ಬಂದಿದ್ದು ಕ್ಲೈಮ್ಯಾಕ್ಸಿನಲ್ಲಿ. ಎಲ್ಲರೂ ಸುಮ್ನೆ ನಿಂತರೆ ತೆರೆಯ ಮೇಲೆ ನೋಡೋಕೆ ಏನಿರುತ್ತೆ ಅಂತ ನಿರ್ದೇಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡು ವಾರ ಒದ್ದಾಡಿದೆ. ಆಮೇಲೆ ಹೊಳೆಯಿತು, ಆ ಕಥೆಯ ಜೀವ ಇರೋದು ಇಳಿಯದೆ ನಿಂತ ಭೀಮನಲ್ಲಿ ಅಲ್ವಾ? ನಮ್ಮ ಕಥೆಯೊಳಗಿನ ತಂಡದ ಹಟಮಾರಿ ಹುಡುಗನ ಕೈಗೆ ದೊಣ್ಣೆ ಕೊಟ್ಟೆ. ತಂಗಿಯನ್ನು ಅವನ ಬೆನ್ನ ಹಿಂದೆ ನಿಲ್ಲಿಸಿದೆ. ಅವಳನ್ನು ಕಾಪಾಡೋಕೆ ಅಂತಲೇ ಅವನು ದೊಣ್ಣೆ ಬಿಡುತ್ತಿಲ್ಲ. ಬೆಂಕಿ ಹತ್ತಿರ ಬರುತ್ತಿರುವುದೂ ಅದಕ್ಕೇ.

ಮತ್ತೆ ಅದೇ ಮಕ್ಕಳನ್ನು ಕರೆದೆ. ಈ ಸಲ ಯಾರೂ ಮುಂದೇನು ಅಂತ ಹೇಳಲಿಲ್ಲ. ಬೆಂಕಿ ಹುಡುಗನ ಮುಖದವರೆಗೆ ಬಂದಾಗ ಅದೇ ಹುಡುಗಿ ಎದ್ದು ನಿಂತು "ಕೆಳಗೆ ಹಾಕೋ!" ಅಂತ ಕೂಗಿದಳು. ಆ ಶಾಟನ್ನು ಇನ್ನೂ 4 ಸೆಕೆಂಡ್ ಉದ್ದ ಮಾಡಿದೆವು.