ನೇಪಿಯರ್‌ನಲ್ಲಿ ಆರು ಗಂಟೆ: ಅರ್ಧ ದಿನ ಕಟ್ಟಡ, ಅರ್ಧ ದಿನ ದ್ರಾಕ್ಷಿ

ಸಿಡ್ನಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ ನಾವಿಬ್ಬರೂ ಅಲ್ಲಿಂದಲೇ ನ್ಯೂಜಿಲೆಂಡ್‌ಗೆ ಕ್ರೂಸ್ ಹೋಗಿ ಬಂದೆವು. ಫೆಬ್ರವರಿ ಕೊನೆ. ಬಂದರುಗಳ ಪಟ್ಟಿ ನೋಡಿದ ದಿನವೇ ನಾನು ನೇಪಿಯರ್ ಹೆಸರಿನ ಮುಂದೆ ಗುರುತು ಹಾಕಿಟ್ಟಿದ್ದೆ. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವಳು ನಾನು. ನಮ್ಮನೆಯವರು ದೊಡ್ಡಬಳ್ಳಾಪುರದ ಕಡೆಯವರು, ಅವರ ತಂದೆಯ ಕಾಲದಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. 1930ರ ದಶಕದ ಕಟ್ಟಡ ನನಗೆ, ದ್ರಾಕ್ಷಿ ತೋಟ ಅವರಿಗೆ. ಇಬ್ಬರಿಗೂ ಬೇಕಾದ್ದು ಒಂದೇ ಊರಿನಲ್ಲಿ ಸಿಗುವುದು ಅಪರೂಪ ಅಲ್ವಾ?

ವೀಸಾ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಭಾರತದ ಪಾಸ್‌ಪೋರ್ಟ್. ಕ್ರೂಸ್‌ನಲ್ಲಿ ಬರುವವರಿಗೆ ನ್ಯೂಜಿಲೆಂಡ್‌ನವರು ಎನ್‌ಝಡ್‌ಇಟಿಎ ಅಂತ ಆನ್‌ಲೈನ್ ಅನುಮತಿ ಕೊಡುತ್ತಾರೆ, ಅಷ್ಟು ಸಾಕಾಯಿತು. ಆದರೆ ವಾಪಸ್ ಸಿಡ್ನಿಯಲ್ಲೇ ಇಳಿಯಬೇಕಿತ್ತು. ಹಾಗಾಗಿ ಆಸ್ಟ್ರೇಲಿಯಾ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು. ಅದನ್ನು ಎರಡು ಸಲ ನೋಡಿಕೊಳ್ಳಿ.

ಹಿಂದಿನ ಬಂದರಿನಲ್ಲಿ ಒಂದು ದೊಡ್ಡ ಬಸ್ಸಿನ ಟೂರ್ ತಗೊಂಡಿದ್ದೆವು. ನಲವತ್ತಕ್ಕೂ ಜಾಸ್ತಿ ಜನ, ನೋಡಬೇಕಾದ ಜಾಗ ಐದು. ಎಲ್ಲರೂ ಇಳಿದು ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಮತ್ತೆ ಹತ್ತಿ ಎನ್ನುತ್ತಿದ್ದರು. ಆ ರಾತ್ರಿ ಕ್ಯಾಬಿನ್‌ನಲ್ಲಿ ಕೂತು ನೇಪಿಯರ್ ಲೆಕ್ಕ ನಾನೇ ಹಾಕಿದೆ. ಹಡಗು ನಿಲ್ಲುವುದು ಬೆಳಿಗ್ಗೆ 8ಕ್ಕೆ, ಹೊರಡುವುದು ಸಂಜೆ 5ಕ್ಕೆ. ಎಲ್ಲರೂ ಹತ್ತಿರಬೇಕಾದ ಹೊತ್ತು 4:30. ಇಳಿಯಲು ಮುಕ್ಕಾಲು ಗಂಟೆ ಹೋಗುತ್ತದೆ. ಕೊನೆಗೆ ಒಂದೂಕಾಲು ಗಂಟೆ ಕೈಯಲ್ಲಿ ಇಟ್ಟುಕೊಳ್ಳಬೇಕು. ಉಳಿಯುವುದು ಆರು ಗಂಟೆ ಚಿಲ್ಲರೆ. ಬೆಳಿಗ್ಗೆ ಒಂದು ಗೈಡ್ ನಡಿಗೆ, ಮಧ್ಯಾಹ್ನ ಆರೇ ಜನರ ಒಂದು ವ್ಯಾನ್. ಇಷ್ಟೇ. ಎರಡನ್ನೂ ತಿಂಗಳ ಮುಂಚೆಯೇ ಬುಕ್ ಮಾಡಿದ್ದೆ. ವ್ಯಾನಿನವರಿಗೆ ಹಡಗಿನ ಹೆಸರು, ಹೊರಡುವ ಸಮಯ ಬರೆದು ಕಳಿಸಿದ್ದೆ. ಫೋನ್ ಗಡಿಯಾರ ಮತ್ತು ಹಡಗಿನ ಗಡಿಯಾರ ಒಂದೇ ಇದೆಯಾ ಅಂತಲೂ ಇಳಿಯುವ ಮುಂಚೆ ನೋಡಿಕೊಂಡೆ.

ಕಟ್ಟಡ ಮೊದಲು, ವೈನ್ ಆಮೇಲೆ. ಈ ಕ್ರಮ ಬದಲಾಯಿಸಬೇಡಿ. ಎರಡು ಲೋಟ ರುಚಿ ನೋಡಿದ ಮೇಲೆ ಬಿಸಿಲಿನಲ್ಲಿ ಎರಡು ಗಂಟೆ ನಡೆಯಲು ಆಗುವುದಿಲ್ಲ, ಕಣ್ಣೂ ಚುರುಕಾಗಿರುವುದಿಲ್ಲ.

ಬಂದರಿನ ಒಳಗೆ ನಡೆದು ಹೋಗಲು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಊರಿಗೆ ಹೋಗಬೇಕು. ಇಳಿಯುವಾಗ ಬ್ಯಾಗಿನಲ್ಲಿ ಹಣ್ಣು, ಬೀಜ, ಮನೆ ತಿಂಡಿ ಏನೂ ಇರಬಾರದು. ಹಡಗಿನ ಬಫೆಯಿಂದ ತಂದ ಒಂದು ಸೇಬು ಸಿಕ್ಕರೂ 400 ನ್ಯೂಜಿಲೆಂಡ್ ಡಾಲರ್ ದಂಡ. ನಾನು ಚೀಲವನ್ನು ಹಿಂದಿನ ರಾತ್ರಿಯೇ ಕೊಡವಿ ಖಾಲಿ ಮಾಡಿದ್ದೆ.

ಊರಿನ ಕಥೆ ಗೊತ್ತಿದ್ದರೆ ಮಾತ್ರ ಈ ಕಟ್ಟಡಗಳು ಮಾತಾಡುತ್ತವೆ. 1931ರ ಫೆಬ್ರವರಿ 3, ಬೆಳಿಗ್ಗೆ 10:47. 7.8 ತೀವ್ರತೆಯ ಭೂಕಂಪ. ಈ ಇಡೀ ಸೀಮೆಯಲ್ಲಿ, ಅಂದರೆ ಹಾಕ್ಸ್ ಬೇಯಲ್ಲಿ, 256 ಜನ ಸತ್ತರು. ಇಟ್ಟಿಗೆ ಕಟ್ಟಡಗಳು ಬೀದಿಗೆ ಬಿದ್ದವು. ಉಳಿದಿದ್ದಕ್ಕೆ ಬೆಂಕಿ ಬಿತ್ತು. ಹೇಸ್ಟಿಂಗ್ಸ್ ಸ್ಟ್ರೀಟಿನ ಔಷಧಿ ಅಂಗಡಿಗಳಲ್ಲಿ ಹತ್ತಿಕೊಂಡ ಬೆಂಕಿ ಅದು. ನೀರಿನ ಪೈಪುಗಳು ಒಡೆದಿದ್ದರಿಂದ ಆರಿಸಲು ನೀರೇ ಇರಲಿಲ್ಲ. ಅದೇ ಹೊತ್ತಿಗೆ ಸಮುದ್ರದ ಪಕ್ಕದ ನೆಲ ಎರಡು ಮೀಟರಿಗೂ ಜಾಸ್ತಿ ಮೇಲೆದ್ದಿತು. ಊರ ಪಕ್ಕದ ಅಹುರಿರಿ ಹಿನ್ನೀರಿನ ತಳ ಬಯಲಾಯಿತು. ಇವತ್ತು ಅಲ್ಲಿನ ವಿಮಾನ ನಿಲ್ದಾಣ ಇರುವುದು ಆಗ ನೀರು ನಿಂತಿದ್ದ ಜಾಗದಲ್ಲಿ.

ಊರನ್ನು ಎರಡು-ಮೂರು ವರ್ಷದಲ್ಲಿ ಮತ್ತೆ ಕಟ್ಟಿದರು. ಅದೂ ಜಗತ್ತೆಲ್ಲ ದುಡ್ಡಿಲ್ಲದೆ ಒದ್ದಾಡುತ್ತಿದ್ದ ಕಾಲದಲ್ಲಿ. ಊರಿನ ನಾಲ್ಕು ಆರ್ಕಿಟೆಕ್ಟ್ ಸಂಸ್ಥೆಗಳು ಪೈಪೋಟಿ ಬಿಟ್ಟು ಒಟ್ಟಿಗೆ ಕೂತು ಕೆಲಸ ಹಂಚಿಕೊಂಡವು. ಅಂಗಡಿಯವರು ಅಲ್ಲಿಯವರೆಗೆ ಕ್ಲೈವ್ ಸ್ಕ್ವೇರ್ ಪಾರ್ಕಿನಲ್ಲಿ ತಗಡಿನ ಶೆಡ್ ಹಾಕಿಕೊಂಡು ವ್ಯಾಪಾರ ಮಾಡಿದರು. ಜನ ಅದನ್ನು 'ಟಿನ್ ಟೌನ್' ಅಂತಲೇ ಕರೆದರು.

ನಮ್ಮ ನಡಿಗೆ ಆರ್ಟ್ ಡೆಕೊ ಟ್ರಸ್ಟ್‌ನದು. ಆರ್ಟ್ ಡೆಕೊ ಅಂದರೆ ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ, ನೇರ ಗೆರೆ-ಚಿತ್ತಾರಗಳ ಕಟ್ಟಡ ಶೈಲಿ. ಈ ಕಟ್ಟಡಗಳನ್ನು ಉಳಿಸಲೆಂದೇ 1985ರಲ್ಲಿ ಶುರುವಾದ ಸಂಸ್ಥೆ. ಗೈಡ್ ಆಗಿ ಬಂದವರು ಒಬ್ಬರು ವಯಸ್ಸಾದ ಹೆಂಗಸು, ಸ್ವಯಂಸೇವಕಿ. ತಲೆಗೆ 1930ರ ಕಾಲದ ಟೋಪಿ, ಕೈಗೆ ಗ್ಲೌಸ್. ಅವರು ಮೊದಲು ಹೇಳಿದ್ದೇ ಇದು: ಅಂಗಡಿಗಳ ಕೆಳಭಾಗ ನೋಡಬೇಡಿ, ಎದುರು ಫುಟ್‌ಪಾತಿಗೆ ಬಂದು ನಿಂತು ಮೇಲ್ಭಾಗ ನೋಡಿ. ನಿಜ. ಕೆಳಗೆ ಗಾಜು, ಬೋರ್ಡು ಎಲ್ಲ ಈಗಿನ ಕಾಲದ್ದು. ಮೇಲೆ ಮಾತ್ರ 1932 ಹಾಗೇ ನಿಂತಿದೆ. ಅಂಗಡಿಯ ಚಾವಣಿ ಕೆಳಗೇ ನಡೆದು ಹೋದರೆ ಊರಿನಲ್ಲಿ ಏನೂ ಕಾಣುವುದಿಲ್ಲ.

ನಕ್ಷೆ ಬರೆಯುವವಳಿಗೆ ಅಲ್ಲಿ ಹಬ್ಬ. ಆಗ ಕಟ್ಟಿದ ಯಾವ ಕಟ್ಟಡದಲ್ಲೂ ಭಾರದ ಕಾರ್ನಿಸ್, ಅಂದರೆ ಗೋಡೆ ತುದಿಯ ಅಂಚುಪಟ್ಟಿ, ಹೊರಗೆ ಚಾಚಿಕೊಂಡಿಲ್ಲ, ತುದಿಯಲ್ಲಿ ಮೂರ್ತಿ ಇಲ್ಲ, ಕಲ್ಲಿನ ಕುಂಡ ಇಲ್ಲ. ಯಾಕೆಂದರೆ ಭೂಕಂಪದಲ್ಲಿ ಜನರ ತಲೆ ಮೇಲೆ ಬಿದ್ದಿದ್ದು ಅಂಥವೇ. ಅದಕ್ಕೇ ಕಬ್ಬಿಣ ಹಾಕಿದ ಕಾಂಕ್ರೀಟಿನ ಗಟ್ಟಿ ಪೆಟ್ಟಿಗೆ ಕಟ್ಟಿ, ಅಲಂಕಾರವನ್ನೆಲ್ಲ ಗಾರೆಯಲ್ಲೇ ಒಂದೆರಡು ಇಂಚು ಉಬ್ಬಿಸಿ ಮಾಡಿದ್ದಾರೆ. ಸೂರ್ಯನ ಕಿರಣ, ಅಂಕುಡೊಂಕು ಗೆರೆ, ಚಿಮ್ಮುವ ಕಾರಂಜಿ. ಹೆಚ್ಚಿನವು ಎರಡೇ ಅಂತಸ್ತು. ಬೀದಿ ಅಗಲ ಮಾಡಿದ್ದಾರೆ, ಮೂಲೆ ಕಟ್ಟಡಗಳ ಮೂಲೆ ಕತ್ತರಿಸಿದ್ದಾರೆ. ಫುಟ್‌ಪಾತಿನ ಚಾವಣಿಗೆ ಕಂಬವೇ ಇಲ್ಲ, ಗೋಡೆಯಿಂದ ಕಬ್ಬಿಣದ ಸರಳು ಇಳಿಬಿಟ್ಟು ತೂಗುಹಾಕಿದ್ದಾರೆ. ಕಡಿಮೆ ದುಡ್ಡು, ಮತ್ತೆ ನಡುಗಿದರೆ ಅನ್ನುವ ಭಯ, ಆ ಕಾಲದ ಫ್ಯಾಷನ್, ಮೂರೂ ಸೇರಿ ಈ ರೂಪ ಬಂದಿದೆ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ಸಜ್ಜಾ ಅಂಚಿನಲ್ಲಿ ಮೂರು ಅಡ್ಡಗೆರೆ ಎಳೆದಿರುವುದನ್ನು ನೋಡಿದವರಿಗೆ ಇದು ತೀರಾ ಹೊಸದೇನಲ್ಲ. ಆದರೆ ಒಂದು ಊರಿನ ಪೇಟೆಯೇ ಹೀಗಿರುವುದನ್ನು ನಾನು ನೋಡಿದ್ದು ಇದೇ ಮೊದಲು.

ಟೆನಿಸನ್ ಸ್ಟ್ರೀಟಿನ ಡೈಲಿ ಟೆಲಿಗ್ರಾಫ್ ಕಟ್ಟಡದ ಮುಂದೆ ಇಪ್ಪತ್ತು ನಿಮಿಷ ನಿಂತೆ. ಒಂದು ಕಾಲದ ಪತ್ರಿಕೆ ಕಚೇರಿ, 1932ರದು, ಇ. ಎ. ವಿಲಿಯಮ್ಸ್ ಮಾಡಿದ್ದು. ಎಡ-ಬಲ ಅಳತೆ ತಪ್ಪದ ಹಾಗೆ ಸಮ. ನನಗೆ ಅದಕ್ಕಿಂತ ಹಿಡಿಸಿದ್ದು ಹೇಸ್ಟಿಂಗ್ಸ್-ಎಮರ್ಸನ್ ಸ್ಟ್ರೀಟ್ ಮೂಲೆಯ ಬ್ಯಾಂಕ್. ಹೊರಗಿನಿಂದ ಬಿಳಿ ಕಟ್ಟಡ, ಅಷ್ಟೇ. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿ ತುಂಬ ಆ ದೇಶದ ಮೂಲನಿವಾಸಿ ಮಾವೊರಿ ಜನರ ಕೋಫೈಫೈ ಚಿತ್ತಾರ. ಕೆಂಪು, ಕಪ್ಪು, ಬಿಳಿ. ಜರೀಗಿಡದ ಎಳೆ ಕುಡಿ ಸುರುಳಿ ಸುತ್ತಿಕೊಂಡಂತೆ ಒಂದರೊಳಗೊಂದು ಹೋಗುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ಮಾಡಿದ್ದನ್ನು ಹಾಗೇ ಇಳಿಸದೆ, ಆ ನೆಲದ ಗೆರೆಯನ್ನೇ ತಂದಿದ್ದಾರೆ.

"ರೀ, ಮೇಲೆ ನೋಡಿ," ಅಂದೆ.

"ನಮ್ಮಮ್ಮ ಹಾಕ್ತಿದ್ದ ಎಳೆ ರಂಗೋಲಿ ಇದ್ದ ಹಾಗಿದೆ," ಅಂದರು.

ಭಾನುವಾರ ನಿಮ್ಮ ಹಡಗು ನಿಂತರೆ ಈ ಬ್ಯಾಂಕ್ ಮುಚ್ಚಿರುತ್ತದೆ. ಬಂದರಿನ ದಿನ ಯಾವ ವಾರ ಅಂತ ಮೊದಲೇ ನೋಡಿಕೊಂಡರೆ ಒಳ್ಳೆಯದು.

11:30ಕ್ಕೆ ವ್ಯಾನ್ ಬಂತು. ಟ್ಯಾಕ್ಸಿಯಲ್ಲೇ ಒಂದು ವೈನರಿಗೆ ಹೋಗಿ ಬರಬಹುದು, ವೈನರಿ ಇರುವ ಟಾರಡೇಲ್ ಕಾಲು ಗಂಟೆಯ ದಾರಿ. ನಾನು ವ್ಯಾನ್ ಆರಿಸಿಕೊಂಡಿದ್ದು ಗಿಂಬ್ಲೆಟ್ ಗ್ರಾವೆಲ್ಸ್ ನೋಡಬೇಕಿತ್ತು ಅಂತ.

ಅದು ಸುಮಾರು 800 ಹೆಕ್ಟೇರ್ ಜಲ್ಲಿ ನೆಲ. 1867ರ ದೊಡ್ಡ ಪ್ರವಾಹದಲ್ಲಿ ನಾರುರೋರೊ ನದಿ ತನ್ನ ಪಾತ್ರ ಬದಲಿಸಿ ಬೇರೆ ಕಡೆ ಹರಿಯಿತು. ಹಳೆಯ ಪಾತ್ರದ ಕಲ್ಲು ಹಾಗೇ ಉಳಿಯಿತು. ಕುರಿ ಮೇಯಲೂ ಬಾರದ ನೆಲ ಅಂತ ನೂರು ವರ್ಷಕ್ಕೂ ಜಾಸ್ತಿ ಅದನ್ನು ಕೇಳುವವರಿರಲಿಲ್ಲ. 1980ರ ದಶಕದಲ್ಲಿ ದ್ರಾಕ್ಷಿ ಹಾಕಿ ನೋಡಿದರು. ಜಲ್ಲಿ ತೆಗೆಯಲು ಕ್ವಾರಿ ಮಾಡುವ ಯೋಜನೆ ಬಂದಾಗ ಬೆಳೆಗಾರರು ಹೋರಾಡಿ ಉಳಿಸಿಕೊಂಡರು.

ಡ್ರೈವರ್ ರಸ್ತೆ ಬದಿಗೆ ನಿಲ್ಲಿಸಿದ. ನಮ್ಮನೆಯವರು ಮೊದಲು ಇಳಿದು ಸಾಲಿನ ಬುಡಕ್ಕೆ ಬಗ್ಗಿದರು. ಮಣ್ಣು ಅನ್ನುವುದು ಕಾಣುವುದೇ ಇಲ್ಲ. ಬೂದು ಬಣ್ಣದ ನುಣುಪು ಕಲ್ಲು, ನಿಂಬೆಹಣ್ಣಿನಷ್ಟು, ಮುಷ್ಟಿಯಷ್ಟು. ಒಂದನ್ನು ನನ್ನ ಅಂಗೈಗೆ ಇಟ್ಟರು. ಚುರುಕ್ ಅನ್ನುವಷ್ಟು ಬಿಸಿ.

"ಚಪ್ಪರಾನೇ ಇಲ್ವಲ್ಲೇ ಇಲ್ಲಿ," ಅಂದರು.

ನಮ್ಮ ಕಡೆ ಬಳ್ಳಿಯನ್ನು ತಲೆ ಎತ್ತರದ ಚಪ್ಪರಕ್ಕೆ ಹಬ್ಬಿಸುತ್ತೇವೆ. ಗೊನೆಗಳು ಎಲೆಯ ನೆರಳಲ್ಲಿ ಕೆಳಗೆ ತೂಗುತ್ತವೆ. ನಮ್ಮ ಬಿಸಿಲಿಗೆ ಅದೇ ಸರಿ. ಇಲ್ಲಿ ಸೊಂಟದೆತ್ತರದ ತಂತಿಗೆ ಬೇಲಿಯಂತೆ ಕಟ್ಟುತ್ತಾರೆ. ಗೊನೆ ನೆಲಕ್ಕೆ ಹತ್ತಿರ. ಹಗಲು ಕಲ್ಲು ಕುಡಿದ ಬಿಸಿ ಸಂಜೆ ಗೊನೆಗೆ ತಾಗುತ್ತದೆ. ನೀರು ನಿಲ್ಲುವುದಿಲ್ಲ, ಬಳ್ಳಿ ಎಲೆಯಲ್ಲೇ ಸೊಕ್ಕುವುದಿಲ್ಲ. ತಡವಾಗಿ ಹಣ್ಣಾಗುವ ಸಿರಾ, ಕ್ಯಾಬರ್ನೆಯಂಥ ಕಪ್ಪು ದ್ರಾಕ್ಷಿಗೆ ಈ ತಂಪು ದೇಶದಲ್ಲಿ ಅಷ್ಟು ಬಿಸಿ ಬೇಕೇ ಬೇಕು. ಹಕ್ಕಿ ತಿನ್ನಬಾರದೆಂದು ಸಾಲು ಸಾಲಿಗೂ ಬಲೆ ಹೊದಿಸಿದ್ದರು. ಬಲೆಯ ಕಣ್ಣಿನೊಳಗಿಂದ ನೋಡಿದೆ: ಕಾಳು ನಮ್ಮ ಬ್ಲೂಗಿಂತ ಚಿಕ್ಕದು, ತೆಳ್ಳಗೆ ನೀಲಿ ಬೂದಿ ಬಳಿದ ಹಾಗೆ. ಇವರು ಡ್ರೈವರ್ ಹತ್ತಿರ ಎಷ್ಟು ಮೊಗ್ಗು ಬಿಟ್ಟು ಸವರುತ್ತಾರೆ, ಡ್ರಿಪ್ ಹಾಕಿದ್ದಾರಾ ಅಂತ ಕೇಳುತ್ತಾ ನಿಂತುಬಿಟ್ಟರು. ಹತ್ತು ನಿಮಿಷ ಅಂದಿದ್ದು ಇಪ್ಪತ್ತೈದಾಯಿತು. ವ್ಯಾನಿನಲ್ಲಿದ್ದ ಉಳಿದವರೂ ಇಳಿದು ಕೇಳಿಸಿಕೊಂಡರು. ಆರು ಜನರ ವ್ಯಾನಿನ ಸುಖ ಇದು. ಕಲ್ಲನ್ನು ಅಲ್ಲೇ ಬಿಟ್ಟು ಬಂದೆವು.

ಆಮೇಲೆ ಟಾರಡೇಲ್‌ನ ಮಿಷನ್ ಎಸ್ಟೇಟ್. ಒಂದೇ ವೈನರಿಗೆ ಸಮಯ ಇದ್ದರೆ ನನ್ನ ಪ್ರಕಾರ ಇಲ್ಲಿಗೇ ಹೋಗಬೇಕು. 1851ರಲ್ಲಿ ಫ್ರಾನ್ಸಿನಿಂದ ಬಂದ ಕ್ರೈಸ್ತ ಪಾದ್ರಿಗಳು ಶುರು ಮಾಡಿದ್ದು, ನ್ಯೂಜಿಲೆಂಡಿನ ಅತಿ ಹಳೆಯ ವೈನರಿ. ಬೆಳಿಗ್ಗೆ ನೋಡಿದ ಕಥೆ ಇಲ್ಲಿ ಮುಂದುವರಿಯುತ್ತದೆ. ಗುಡ್ಡದ ಮೇಲಿರುವ ದೊಡ್ಡ ಬಿಳಿ ಮನೆ ಮರದ್ದು, 1880ರದು. ಮೊದಲು ಅದು ಮೀಯಾನಿ ಎಂಬ ತಗ್ಗು ಜಾಗದಲ್ಲಿತ್ತು. ಪ್ರವಾಹದ ಕಾಟ ತಡೆಯಲಾರದೆ 1910ರಲ್ಲಿ ಇಡೀ ಮನೆಯನ್ನು 11 ತುಂಡು ಕೊಯ್ದು, ಉಗಿ ಎಂಜಿನ್ ಗಾಡಿಗೆ ಕಟ್ಟಿ ಎಳೆದು ಇಲ್ಲಿಗೆ ತಂದು ಜೋಡಿಸಿದರು. 1931ರಲ್ಲಿ ಮರದ ಮನೆ ನಡುಗಿ ನಿಂತಿತು. ಪಕ್ಕದ ಕಲ್ಲಿನ ಪ್ರಾರ್ಥನಾ ಮಂದಿರ ಕುಸಿದು ಇಬ್ಬರು ಪಾದ್ರಿಗಳು, ಏಳು ವಿದ್ಯಾರ್ಥಿಗಳು ತೀರಿಕೊಂಡರು. ಜೋಡಿಸಿದ ಮರ ಬಾಗುತ್ತದೆ, ಕಬ್ಬಿಣವಿಲ್ಲದ ಕಲ್ಲಿನ ಗೋಡೆ ಬಾಗಲಾರದೆ ಒಡೆಯುತ್ತದೆ. ಈ ಪಾಠ ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಆ ವರಾಂಡದ ಹಲಗೆ ಮೇಲೆ ನಿಂತಾಗ ಅದು ಬೇರೆ ಥರ ಅರ್ಥವಾಯಿತು.

ವೈನ್ ಬಗ್ಗೆ. ನಾನು ರುಚಿ ನೋಡಿದ್ದು ಐದು ಬಗೆ, ಒಂದೊಂದೂ ಎರಡು ಗುಟುಕು. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಅಲ್ಲಿ ಅದು ಮರ್ಯಾದೆಗೆಟ್ಟ ಕೆಲಸವಲ್ಲ, ಪಳಗಿದವರೆಲ್ಲ ಹಾಗೇ ಮಾಡುತ್ತಾರೆ. ಹಗುರದಿಂದ ಗಟ್ಟಿಗೆ ಹೋಗಬೇಕು, ಬಿಳಿ ಮೊದಲು, ಕೆಂಪು ಕೊನೆಗೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ನಾವು ಸಸ್ಯಾಹಾರಿಗಳು, ಬ್ರೆಡ್ಡು, ಆಲಿವ್, ಚೀಸ್ ಸಿಕ್ಕಿತು. ಕೊನೆಯ ಲೋಟ ಗಿಂಬ್ಲೆಟ್ ಗ್ರಾವೆಲ್ಸ್‌ನ ಸಿರಾ. ಮೂಗಿನ ಹತ್ತಿರ ತಂದರೆ ಆಗ ತಾನೇ ಕುಟ್ಟಿದ ಕರಿಮೆಣಸು! ಮೆಣಸು ಹಾಕಿಲ್ಲ, ಹಣ್ಣಿನ ಸಿಪ್ಪೆಯಲ್ಲೇ ಇರುವ ವಾಸನೆ ಅದು. ನಮ್ಮನೆಯವರು ಕುಡಿಯುವುದಿಲ್ಲ. ಆದರೆ ಲೋಟ ಕೈಗೆ ತಗೊಂಡು ಎರಡು ಸಲ ಮೂಸಿದರು. "ಆ ಕಲ್ಲಿನ ಹಣ್ಣಾ ಇದು?" ಅಂತ ಕೇಳಿದರು. ಜೊತೆಯವರು ಕುಡಿಯದಿದ್ದರೆ ಬುಕ್ ಮಾಡುವಾಗಲೇ ಹೇಳಿ, ನಮಗೆ ಅವರ ರುಚಿಯ ಹಣ ಬಿಟ್ಟುಕೊಟ್ಟರು.

ವಾಪಸ್ ಬರುವಾಗ ಅಹುರಿರಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಅಂತ ಮೊದಲೇ ಕೇಳಿಕೊಂಡಿದ್ದೆ. ಬಂದರಿಗೆ ಹತ್ತಿರ, ದಾರಿ ಸುತ್ತಾಗುವುದಿಲ್ಲ. ಅಲ್ಲಿದೆ ನ್ಯಾಷನಲ್ ಟೊಬ್ಯಾಕೊ ಕಂಪನಿಯ ಕಟ್ಟಡ, 1933ರದು, ಲೂಯಿ ಹೇ ಅವರ ಕೆಲಸ. ಚೌಕದ ಒಳಗೆ ದೊಡ್ಡ ಕಮಾನು, ಕಮಾನಿನ ಒಳಗೆ ಬಾಗಿಲು. ಅಕ್ಕಪಕ್ಕ ಗಾರೆಯಲ್ಲಿ ಗುಲಾಬಿ, ಜೊಂಡು, ದ್ರಾಕ್ಷಿ ಗೊನೆ. ತಂಬಾಕಿನ ಕಾರ್ಖಾನೆಗೆ ಗುಲಾಬಿ ಯಾಕೆ ಅಂತ ಕೇಳಬಹುದು. ಎರಡು ವರ್ಷ ಹಿಂದೆ ಊರೆಲ್ಲ ಬೂದಿಯಾಗಿತ್ತು. ಕೆಲಸಕ್ಕೆ ಬರುವವರು ದಿನಾ ಹೂವು, ಹಣ್ಣು ಕಂಡು ಒಳಗೆ ಹೋಗಿರುತ್ತಾರೆ. ನನಗೆ ಅಷ್ಟು ಕಾರಣ ಸಾಕು. ಫೋಟೊ ತೆಗೆಯದೆ, ಕೈಪುಸ್ತಕದಲ್ಲಿ ಪೆನ್ಸಿಲಿನಿಂದ ಆ ಕಮಾನಿನ ಗೆರೆ ಎಳೆದುಕೊಂಡೆ.

3:10ಕ್ಕೆ ಬಂದರಿನ ಗೇಟಿನಲ್ಲಿದ್ದೆವು. ಒಂದು ಬಾಟಲಿ ಸಿರಾ ತಂದಿದ್ದೆ. ಹಡಗು ಹತ್ತುವಾಗ ಅದನ್ನು ತೆಗೆದುಕೊಂಡು ಚೀಟಿ ಕೊಟ್ಟರು, ಕೊನೆಯ ದಿನ ವಾಪಸ್ ಕೊಟ್ಟರು. ಒಂದೊಂದು ಹಡಗಿನಲ್ಲಿ ಒಂದೊಂದು ನಿಯಮ ಇರುತ್ತದೆ, ಕೇಳಿಕೊಂಡು ಕೊಳ್ಳಿ. ಭಾರತಕ್ಕೆ ತರುವುದಾದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್ ಮಾತ್ರ. ಡ್ರೈವರ್‌ಗೆ ಟಿಪ್ಸ್ ಕೊಡುವ ಪದ್ಧತಿ ಆ ದೇಶದಲ್ಲಿಲ್ಲ, ಮನಸಾರೆ ಥ್ಯಾಂಕ್ಸ್ ಹೇಳಿ ಬಂದೆವು.

ಮತ್ತೆ ಹೋದರೆ ಬೆಳಿಗ್ಗೆಯ ನಡಿಗೆಗೆ ಮುಂಚೆ ಎಂಟಿಜಿ ಹಾಕ್ಸ್ ಬೇ ಮ್ಯೂಸಿಯಂಗೆ ಹೋಗುತ್ತೇನೆ. ಅಲ್ಲಿ ಭೂಕಂಪದಲ್ಲಿ ಬದುಕಿ ಉಳಿದವರೇ ಹೇಳಿದ ನೆನಪುಗಳಿವೆ. ಅರ್ಧ ಗಂಟೆ ಅಲ್ಲಿ ಕೂತು ಕೇಳಬೇಕು, ಆಮೇಲೆ ಬೀದಿಗೆ ಇಳಿಯಬೇಕು.