ಎಲೆಕ್ಟ್ರಿಕ್ ಕಾರು ಬರುವ ಮೊದಲೇ ಕೇಳಿಕೊಳ್ಳಿ: ಅದರ ಇಂಟರ್ನೆಟ್ಟಿಗೆ ಎಷ್ಟು ದುಡ್ಡು?

ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾಯುವವರ ಮನಸ್ಸೆಲ್ಲ ಎರಡೇ ಪ್ರಶ್ನೆಯ ಸುತ್ತ ಇರುತ್ತದೆ. ಯಾವಾಗ ಬರುತ್ತದೆ? ಕೇಳಿದ ಬಣ್ಣವೇ ಸಿಗುತ್ತದೆಯೇ? ನಾನೂ ಹಾಗೇ ಇದ್ದೆ. ಯುಗಾದಿಗೆ ಮೊದಲು ಬುಕ್ ಮಾಡಿದ ಕಾರು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಬುಕಿಂಗ್ ದಿನ ಕೊಟ್ಟ ಬ್ರೋಷರಿನಲ್ಲಿ ಕನೆಕ್ಟೆಡ್ ಸೇವೆ (ಕಾರನ್ನು ಇಂಟರ್ನೆಟ್ ಮೂಲಕ ಫೋನಿನ ಆ್ಯಪಿಗೆ ಜೋಡಿಸುವ ಸೇವೆ) ಮೂರು ವರ್ಷ ಉಚಿತ ಎಂದಿತ್ತು. ಡೆಲಿವರಿ ತೆಗೆದುಕೊಂಡು ಆ್ಯಪ್ ತೆರೆದರೆ ಅವಧಿ ಒಂದೇ ವರ್ಷ! ಶೋರೂಂನಲ್ಲಿ ಕೇಳಿದರೆ, “ಈ ಲಾಟ್‌ನಿಂದ ಸ್ಕೀಮ್ ಚೇಂಜ್ ಆಗಿದೆ ಸರ್, ಹೊಸ ಬ್ರೋಷರ್ ನೋಡಿ” ಎಂದರು. ಹಳೆಯ ಬ್ರೋಷರನ್ನು ನಾನು ಎಂದೋ ರದ್ದಿಗೆ ಹಾಕಿದ್ದೆ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಕಾರು ಬುಕ್ ಮಾಡಿದ ಸ್ನೇಹಿತರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಈ ವಿಚಾರವನ್ನು ಕಾಯುವ ತಿಂಗಳುಗಳಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಪೂರ್ತಿ ಹಣ ಕಟ್ಟುವ ತನಕ ನಿಮ್ಮ ಫೋನಿಗೆ ಮೊದಲ ರಿಂಗಿಗೇ ಉತ್ತರ ಬರುತ್ತದೆ. ಕೀಲಿ ಕೈಗೆ ಬಂದ ಮೇಲೆ ಆ ಗೌರವ ಉಳಿಯುವುದಿಲ್ಲ.

ಏನಿದು ಶುಲ್ಕ?

ಈಗಿನ ಕಾರಿನ ಒಳಗೆ ಒಂದು ಇ-ಸಿಮ್, ಅಂದರೆ ಕಾರಿನಲ್ಲೇ ಕೂರಿಸಿದ ಸಿಮ್, ಇರುತ್ತದೆ. ಕಾರು ಎಲ್ಲಿದೆ, ಬಾಗಿಲು ಹಾಕಿದೆಯೇ, ಬ್ಯಾಟರಿ ಎಷ್ಟು ಶೇಕಡಾ ಇದೆ ಎಂಬುದನ್ನೆಲ್ಲ ಅದು ಕಂಪನಿಯ ಸರ್ವರಿಗೆ ಕಳಿಸುತ್ತದೆ. ಅಲ್ಲಿಂದ ನಿಮ್ಮ ಫೋನಿನ ಆ್ಯಪಿಗೆ ಬರುತ್ತದೆ. ನಮ್ಮ ದೇಶದಲ್ಲಿ 2019ರ ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್ ಬಂದಾಗಿನಿಂದ ಇದು ಜನಪ್ರಿಯವಾಯಿತು. ಬ್ಲೂಲಿಂಕ್, ಐ-ಸ್ಮಾರ್ಟ್, ಕಿಯಾ ಕನೆಕ್ಟ್, ಅಡ್ರಿನಾಕ್ಸ್, ಐರಾ ಹೀಗೆ ಕಂಪನಿಗೊಂದು ಹೆಸರು. ಮೊದಲ ಕೆಲವು ವರ್ಷ ಉಚಿತ, ಆಮೇಲೆ ಚಂದಾ ಕಟ್ಟಬೇಕು ಎಂಬುದೇ ಸಾಮಾನ್ಯ ಪದ್ಧತಿ. ತೊಡಕಿರುವುದು ಆ “ಕೆಲವು” ಮತ್ತು “ಆಮೇಲೆ” ಎಂಬ ಎರಡು ಪದಗಳಲ್ಲಿ.

ಹೆಜ್ಜೆ 1: ಬುಕಿಂಗ್ ದಿನದ ಕಾಗದಗಳನ್ನು ಎತ್ತಿಡಿ

ಬ್ರೋಷರ್, ಪ್ರೊಫಾರ್ಮಾ ಇನ್‌ವಾಯ್ಸ್, ಬುಕಿಂಗ್ ಫಾರಂ ಮೂರನ್ನೂ ಅಂದೇ ಫೋಟೊ ತೆಗೆದಿಡಿ. ಕಂಪನಿಯ ಜಾಲತಾಣದಲ್ಲಿ ನಿಮ್ಮ ವೇರಿಯಂಟಿನ ಪುಟವನ್ನು ಪಿಡಿಎಫ್ ಮಾಡಿಕೊಳ್ಳಿ, ತಾರೀಕು ಕಾಣುವಂತಿರಲಿ. ಆ ಪುಟ ನಾಳೆ ಬದಲಾದರೆ ಹಳೆಯದು ಹೇಗಿತ್ತು ಎಂದು ತೋರಿಸಲು ಬೇರೆ ದಾರಿಯಿಲ್ಲ.

ಬುಕಿಂಗ್ ತಾರೀಕಿಗೆ ಎಷ್ಟು ಬೆಲೆ ಇರಬಹುದು ಎನ್ನುವುದಕ್ಕೆ ಟೆಸ್ಲಾದ ಉದಾಹರಣೆ ನೋಡಿ. 2018ರ ಜೂನ್ 30ರೊಳಗೆ ಆರ್ಡರ್ ಮಾಡಿದವರಿಗೆ ಪ್ರೀಮಿಯಂ ಕನೆಕ್ಟಿವಿಟಿ (ಹೆಚ್ಚಿನ ಸೌಲಭ್ಯಗಳ ಇಂಟರ್ನೆಟ್ ಸೇವೆ) ಹೆಚ್ಚುವರಿ ಶುಲ್ಕವಿಲ್ಲದೆ ದಕ್ಕಿತು. ಆಮೇಲೆ ಆರ್ಡರ್ ಮಾಡಿದವರಿಗೆ ಅದೇ ಸೇವೆಗೆ ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರ್. 2022ರ ಜುಲೈ 20ರಿಂದ ಆರ್ಡರ್ ಮಾಡಿದ ಕಾರುಗಳಿಗೆ ಮೂಲ ಸೇವೆಯೂ 8 ವರ್ಷಕ್ಕೆ ಸೀಮಿತವಾಯಿತು. ಗಮನಿಸಿ, ಇಲ್ಲಿ ಗೆರೆ ಎಳೆದದ್ದು ಆರ್ಡರ್ ತಾರೀಕಿನ ಮೇಲೆ, ಡೆಲಿವರಿಯ ಮೇಲಲ್ಲ. ನಮ್ಮಲ್ಲಿ ಬುಕಿಂಗ್ ಫಾರಂನ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಇರುವುದು “ಡೆಲಿವರಿ ದಿನದ ಬೆಲೆ ಅನ್ವಯ” ಎಂಬ ಷರತ್ತು. ಆ ಷರತ್ತು ಕಾರಿನ ಬೆಲೆಗೆ ಮಾತ್ರವೋ, ಉಚಿತ ಸೇವೆಯ ಅವಧಿಗೂ ಸೇರಿಯೋ ಎಂದು ಕೇಳಿಕೊಳ್ಳಿ. ಕಾಯುವ ನಡುವೆ ಬಣ್ಣವನ್ನೋ ವೇರಿಯಂಟನ್ನೋ ಬದಲಿಸಿದರೆ ಹಳೆಯ ಬುಕಿಂಗ್ ತಾರೀಕೇ ಉಳಿಯುತ್ತದೆಯೇ, ಹೊಸ ಬುಕಿಂಗ್ ಆಗುತ್ತದೆಯೇ ಎಂಬುದನ್ನೂ.

ಹೆಜ್ಜೆ 2: ಯಾವುದು ಕಾರಿನ ಸಿಮ್ಮಿನದು, ಯಾವುದು ನಿಮ್ಮ ಫೋನಿನದು

ಇದೇ ಮುಖ್ಯವಾದ ಕೆಲಸ, ಒಂದು ಸಂಜೆ ಇದಕ್ಕೆಂದೇ ತೆಗೆದಿಡಿ. ಬ್ರೋಷರಿನಲ್ಲಿ “60ಕ್ಕೂ ಹೆಚ್ಚು ಕನೆಕ್ಟೆಡ್ ಫೀಚರ್” ಎಂದು ಒಟ್ಟಿಗೆ ಬರೆದಿರುವುದನ್ನು ಬಿಡಿಸಿ ಮೂರು ಗುಂಪು ಮಾಡಿ.

ಮೊದಲನೆಯದು, ಚಂದಾ ಮುಗಿದರೂ ನಿಲ್ಲದವು. ಆಂಡ್ರಾಯ್ಡ್ ಆಟೊ, ಆ್ಯಪಲ್ ಕಾರ್‌ಪ್ಲೇ ನಡೆಯುವುದು ನಿಮ್ಮ ಫೋನಿನ ಡೇಟಾದಿಂದ. ನಕ್ಷೆ, ಹಾಡು, ಕರೆ ಎಲ್ಲವೂ ಅದರಲ್ಲೇ ಬರುತ್ತವೆ. ಬ್ಲೂಟೂತ್ ಅಂತೂ ಸರಿಯೇ. ಇಷ್ಟು ಹೊತ್ತಿಗೆ ಚಾರ್ಜ್ ಶುರುವಾಗಲಿ, ಇಷ್ಟು ಶೇಕಡಾಕ್ಕೆ ನಿಲ್ಲಲಿ ಎಂದು ಹೊಂದಿಸುವುದು ಬಹುತೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಪರದೆಯಲ್ಲೇ ಸಾಧ್ಯ. ಸಾರ್ವಜನಿಕ ಚಾರ್ಜರ್ ಹುಡುಕಲು ಬೆಸ್ಕಾಂನ ಇವಿ ಮಿತ್ರ ಸೇರಿದಂತೆ ಫೋನಿನ ಆ್ಯಪ್‌ಗಳಿವೆ. ಅವಕ್ಕೂ ಕಾರಿನ ಸಿಮ್ಮಿಗೂ ಸಂಬಂಧವಿಲ್ಲ.

ಎರಡನೆಯದು, ಸಿಮ್ ಇಲ್ಲದಿದ್ದರೆ ಇಲ್ಲವೇ ಇಲ್ಲ ಎನ್ನುವಂಥವು. ಮನೆಯಲ್ಲಿ ಕೂತು ಬ್ಯಾಟರಿ ಎಷ್ಟಿದೆ ಎಂದು ನೋಡುವುದು, ಚಾರ್ಜಿಂಗ್ ನಡುವೆ ನಿಂತುಹೋದರೆ ಬರುವ ಸಂದೇಶ, ದೂರದಿಂದಲೇ ಎ.ಸಿ. ಹಾಕುವುದು, ಕಾರು ಕಳುವಾದರೆ ಜಾಡು ಹಿಡಿಯುವುದು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಕಾರು ನಿಲ್ಲಿಸುವವರಿಗೆ ದೂರದಿಂದ ಎ.ಸಿ. ಹಾಕುವುದು ಶೋಕಿಯಲ್ಲ. ಪ್ಲಗ್ಗಿನಲ್ಲಿರುವಾಗಲೇ ಕಾರನ್ನು ತಂಪು ಮಾಡಿಕೊಂಡರೆ ಆ ಕರೆಂಟು ಗೋಡೆಯಿಂದ ಹೋಗುತ್ತದೆ, ಹೊರಡುವಾಗ ಬ್ಯಾಟರಿ ತುಂಬಿಯೇ ಇರುತ್ತದೆ. ಮೈಸೂರಿನಲ್ಲಿ ಮನೆಯ ನೆರಳಿನಲ್ಲೇ ನಿಲ್ಲಿಸುವ ನನಗೆ ಅದರಿಂದ ಅಷ್ಟೇನೂ ಉಪಯೋಗವಾಗಿಲ್ಲ. ಚಾರ್ಜಿಂಗ್ ನಿಂತ ಸಂದೇಶ ಮಾತ್ರ ಮಳೆಗಾಲದ ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ಎಷ್ಟೋ ರಾತ್ರಿ ಕಾಪಾಡಿದೆ.

ಮೂರನೆಯದು ನಡುವಿನ ಗುಂಪು, ಇಲ್ಲೇ ಎಚ್ಚರ ಬೇಕು. ಕಾರಿನದೇ ನ್ಯಾವಿಗೇಷನ್‌ಗೆ ಬ್ಯಾಟರಿಯ ಲೆಕ್ಕ ಗೊತ್ತಿರುತ್ತದೆ. ಊರು ತಲುಪುವಾಗ ಎಷ್ಟು ಉಳಿಯುತ್ತದೆ, ಎಲ್ಲಿ ಚಾರ್ಜ್ ಮಾಡಬೇಕು ಎಂದು ಹೇಳುತ್ತದೆ. ಫೋನಿನ ನಕ್ಷೆಗೆ ಅನೇಕ ಕಾರುಗಳಲ್ಲಿ ಆ ಮಾಹಿತಿ ಸಿಗುವುದಿಲ್ಲ. ಚಂದಾ ಮುಗಿದ ಮೇಲೆ ಕಾರಿನ ನಕ್ಷೆ ಪೂರ್ತಿ ನಿಲ್ಲುತ್ತದೆಯೋ, ಟ್ರಾಫಿಕ್ ಮತ್ತು ಚಾರ್ಜರ್ ಖಾಲಿ ಇದೆಯೇ ಎಂಬ ಮಾಹಿತಿ ಮಾತ್ರ ನಿಲ್ಲುತ್ತದೆಯೋ ಕೇಳಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ದುಡ್ಡು ಕಟ್ಟಿದ್ದರೂ ಸಿಗ್ನಲ್ ಕೈಕೊಡುತ್ತದೆ. ಹಾಗಾಗಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯ ಇದೆಯೇ ನೋಡಿ. ಸಾಫ್ಟ್‌ವೇರ್ ಅಪ್‌ಡೇಟ್ ಮನೆಯ ವೈಫೈನಲ್ಲಿ ಆಗುತ್ತದೆಯೇ, ಚಂದಾ ಇಲ್ಲದವರಿಗೆ ಸರ್ವಿಸ್ ಸೆಂಟರಿನಲ್ಲಿ ಉಚಿತವಾಗಿ ಹಾಕಿಕೊಡುತ್ತಾರೆಯೇ ಎಂಬುದೂ ಈ ಗುಂಪಿಗೇ ಸೇರಿದ್ದು. ಎಸ್‌ಒಎಸ್ ಗುಂಡಿಯೂ ಹಾಗೆಯೇ. ಅದು ಚಂದಾದ ಒಳಗಿದ್ದರೆ ಅವಧಿ ಮುಗಿದ ಮರುದಿನದಿಂದ ಅದನ್ನು ನಂಬಿ ಕೂರುವಂತಿಲ್ಲ. ಫೋನಿನಿಂದ 112ಕ್ಕೆ ಕರೆ ಮಾಡಬೇಕು ಎಂದು ಮನೆಯವರಿಗೆಲ್ಲ ಹೇಳಿಡಿ.

ಹೆಜ್ಜೆ 3: ಪ್ರಶ್ನೆ ಇಮೇಲಿನಲ್ಲೇ ಕೇಳಿ

ಶೋರೂಂನಲ್ಲಿ ಬಾಯಿಮಾತಿಗೆ ಎಲ್ಲವೂ ಫ್ರೀ. ಆ ಹುಡುಗರ ತಪ್ಪೂ ಅಲ್ಲ ಅದು. ಎಷ್ಟೋ ಸಲ ಅವರಿಗೇ ಸರಿಯಾದ ಮಾಹಿತಿ ಬಂದಿರುವುದಿಲ್ಲ. ಆದ್ದರಿಂದ ಡೀಲರ್ ಮತ್ತು ಕಂಪನಿ ಇಬ್ಬರಿಗೂ ಒಂದೇ ಇಮೇಲ್ ಹಾಕಿ, ಬುಕಿಂಗ್ ಸಂಖ್ಯೆ ಬರೆಯಿರಿ. ಕೇಳಬೇಕಾದದ್ದು ಇಷ್ಟು: ನನ್ನ ವೇರಿಯಂಟಿಗೆ ಉಚಿತ ಅವಧಿ ಎಷ್ಟು? ಅದು ಶುರುವಾಗುವುದು ಇನ್‌ವಾಯ್ಸ್ ದಿನದಿಂದಲೋ, ಡೆಲಿವರಿಯಿಂದಲೋ, ಆ್ಯಪ್ ಚಾಲೂ ಮಾಡಿದ ದಿನದಿಂದಲೋ? ಆಮೇಲೆ ಈಗಿನ ದರದಂತೆ ವರ್ಷಕ್ಕೆಷ್ಟು, ಜಿಎಸ್‌ಟಿ ಸೇರಿಯೋ ಬಿಟ್ಟೋ? ದರ ಏರಿಸಿದರೆ ಎಷ್ಟು ದಿನ ಮೊದಲು ತಿಳಿಸುತ್ತೀರಿ? ಚಂದಾ ಬಿಟ್ಟರೆ ಯಾವ ಯಾವ ಸೌಲಭ್ಯ ನಿಲ್ಲುತ್ತದೆ?

ಎರಡನೇ ಪ್ರಶ್ನೆಯನ್ನು ಬಿಡಲೇಬೇಡಿ. ಟೆಸ್ಲಾ ತನ್ನ 8 ವರ್ಷವನ್ನು ಲೆಕ್ಕ ಹಾಕುವುದು ಕಾರು ಹೊಸದಾಗಿ ಡೆಲಿವರಿ ಆದ ದಿನದಿಂದ, ಇಲ್ಲವೇ ಡೆಮೊ ಮುಂತಾದ ಬಳಕೆಗೆ ಇಳಿದ ದಿನದಿಂದ, ಯಾವುದು ಮೊದಲೋ ಅದರಿಂದ. ನಮ್ಮಲ್ಲೂ ಕಾಯುವುದು ಬೇಡವೆಂದು ರಿಯಾಯಿತಿಯಲ್ಲಿ ಡೆಮೊ ಕಾರನ್ನೋ ಯಾರ್ಡಿನಲ್ಲಿ ನಿಂತ ಕಳೆದ ವರ್ಷದ ಕಾರನ್ನೋ ಕೊಳ್ಳುವವರಿದ್ದಾರೆ. ಅಂಥ ಕಾರಿನ ಉಚಿತ ಅವಧಿಯಲ್ಲಿ ಎಷ್ಟು ಆಗಲೇ ಕರಗಿದೆ ಎಂಬುದನ್ನು ನೋಡದೆ ರಿಯಾಯಿತಿಗೆ ಒಪ್ಪಬೇಡಿ.

ಹೆಜ್ಜೆ 4: ಎಂಟು ವರ್ಷದ ಲೆಕ್ಕ ಹಾಕಿ

ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಸಾಮಾನ್ಯ. ಹಾಗಾಗಿ ಚಂದಾ ಲೆಕ್ಕವನ್ನೂ 8 ವರ್ಷಕ್ಕೇ ಹಾಕುವುದು ಒಳ್ಳೆಯದು. ಕಾರಿಗೆ ಜಿಎಸ್‌ಟಿ ಶೇ 5 ಇರಬಹುದು, ಈ ಸೇವೆಗೆ ಶೇ 18. ಲೆಕ್ಕಕ್ಕೆಂದು ವರ್ಷಕ್ಕೆ 5,000 ರೂಪಾಯಿ ಎಂದಿಟ್ಟುಕೊಳ್ಳಿ; ತೆರಿಗೆ ಸೇರಿ 5,900. ಮೊದಲ 3 ವರ್ಷ ಉಚಿತವಾದರೆ ಉಳಿದ 5 ವರ್ಷಕ್ಕೆ 29,500. ಪ್ರತಿವರ್ಷ ಶೇ 10ರಂತೆ ಏರಿಸಿದರೆ ಸುಮಾರು 36,000. ಅದೇ ಉಚಿತ ಅವಧಿ 1 ವರ್ಷಕ್ಕೆ ಇಳಿದರೆ, ದರ ಏರದಿದ್ದರೂ 41,300. ಶೋರೂಂನಲ್ಲಿ ಆ್ಯಕ್ಸೆಸರೀಸ್ ಚೌಕಾಸಿಗೆ ಅರ್ಧ ದಿನ ಕಳೆಯುವ ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಲಿವರಿ ತಡವಾದದ್ದಕ್ಕೆ ಏನಾದರೂ ಕೊಡುತ್ತೇವೆ ಎಂದು ಅವರೇ ಹೇಳಿದರೆ ಮ್ಯಾಟ್, ಸೀಟ್ ಕವರ್ ಬಿಟ್ಟು ಒಂದೆರಡು ವರ್ಷದ ಚಂದಾ ಕೇಳಿ.

ಹೆಜ್ಜೆ 5: ದುಡ್ಡು ಕೊಟ್ಟರೂ ನಿಲ್ಲಬಹುದು, ತಿಳಿದಿರಲಿ

ಬ್ರಿಟನ್‌ನಲ್ಲಿ 2016ಕ್ಕಿಂತ ಮೊದಲು ತಯಾರಾದ ನಿಸಾನ್ ಲೀಫ್ ಎಲೆಕ್ಟ್ರಿಕ್ ಕಾರುಗಳ ಆ್ಯಪ್ ಸೇವೆಯನ್ನು 2024ರ ವಸಂತದಲ್ಲಿ ನಿಲ್ಲಿಸಲಾಯಿತು. ಅಲ್ಲಿ 2ಜಿ ಜಾಲ ಮುಚ್ಚುವ ಹಂತಕ್ಕೆ ಬಂದಿತ್ತು, ಆ ಕಾರುಗಳ ಒಳಗಿದ್ದದ್ದು 2ಜಿ ಉಪಕರಣ. ಕಾರು ಓಡುತ್ತಲೇ ಇತ್ತು, ದೂರದಿಂದ ಚಾರ್ಜಿಂಗ್ ನಡೆಸುವುದು, ತಂಪು-ಬಿಸಿ ಮಾಡುವುದು ಹೋಯಿತು. 2024ರ ಜೂನ್‌ನಲ್ಲಿ ಅಮೆರಿಕದ ಫಿಸ್ಕರ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಅದರ ಕಾರು ಕೊಂಡವರು ತಾವೇ ಸಂಘ ಕಟ್ಟಿಕೊಂಡು ಕಾರುಗಳನ್ನು ಉಳಿಸಿಕೊಳ್ಳಲು ಓಡಾಡಬೇಕಾಯಿತು. ಆದ್ದರಿಂದ ನಿಮ್ಮ ಕಾರಿನಲ್ಲಿರುವುದು 4ಜಿ ಉಪಕರಣವೋ 5ಜಿಯೋ ಕೇಳಿ. ಐದು, ಹತ್ತು ವರ್ಷದ ಚಂದಾವನ್ನು ಒಂದೇ ಸಲ ಕಟ್ಟುವ ಮೊದಲು ಎರಡು ಸಲ ಯೋಚಿಸಿ. ವರ್ಷ ವರ್ಷ ಕಟ್ಟುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ, ಸ್ವಲ್ಪ ಹೆಚ್ಚೇ ಆದರೂ.

ಗ್ರಾಹಕರು ಸುಮ್ಮನಿರದಿದ್ದರೆ ಕಂಪನಿಗಳು ಹಿಂದೆ ಸರಿಯುತ್ತವೆ ಎಂಬುದಕ್ಕೂ ಸಾಕ್ಷಿಯಿದೆ. ಕಾರ್‌ಪ್ಲೇಗೆ ಅಮೆರಿಕದಲ್ಲಿ ವರ್ಷಕ್ಕೆ 80 ಡಾಲರ್ ಕೇಳಿದ್ದ ಬಿಎಂಡಬ್ಲ್ಯು 2019ರ ಕೊನೆಗೆ ಅದನ್ನು ಕೈಬಿಟ್ಟಿತು. ಕಾರಿನಲ್ಲಿ ಆಗಲೇ ಇರುವ ಸೀಟ್ ಬಿಸಿ ಮಾಡುವ ಸೌಲಭ್ಯಕ್ಕೆ ಕೆಲವು ದೇಶಗಳಲ್ಲಿ ತಿಂಗಳ ಬಾಡಿಗೆ ಇಟ್ಟದ್ದನ್ನೂ 2023ರಲ್ಲಿ ನಿಲ್ಲಿಸುವುದಾಗಿ ಹೇಳಿತು.

ಹೆಜ್ಜೆ 6: ಆಟೊ ಡೆಬಿಟ್ ನಿಮ್ಮ ಹಿಡಿತದಲ್ಲಿರಲಿ

ಆ್ಯಪಿನಲ್ಲಿ ಕಾರ್ಡ್ ಸೇರಿಸುವಾಗ “ಆಟೊ ರಿನ್ಯೂವಲ್” ಗುರುತು ಹಾಕಿದೆಯೇ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೀಗೆ ಹಣ ಕಡಿತಗೊಳ್ಳುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. 15,000 ರೂಪಾಯಿಗಿಂತ ಹೆಚ್ಚಿನ ಮೊತ್ತಕ್ಕೆ ಸಾಮಾನ್ಯವಾಗಿ ಪ್ರತಿಸಲವೂ ಒಟಿಪಿ ಬೇಕು. ಆದರೆ ಕಾರಿನ ಚಂದಾ ಈ ಮಿತಿಯ ಒಳಗೇ ಬರುವುದು ಹೆಚ್ಚು. ಅಂದರೆ ಏರಿದ ದರವೂ ಒಟಿಪಿ ಇಲ್ಲದೆ ಹೋಗಿಬಿಡಬಹುದು. ಮ್ಯಾಂಡೇಟ್ (ತಾನಾಗಿಯೇ ಹಣ ಕಡಿತಗೊಳ್ಳಲು ಒಪ್ಪಿಗೆ) ಕೊಡುವಾಗಲೇ ಗರಿಷ್ಠ ಮೊತ್ತ ಎಷ್ಟೆಂದು ನೋಡಿಕೊಳ್ಳಿ.

ಹೆಜ್ಜೆ 7: ಡೆಲಿವರಿ ದಿನ

ಅಂದು ಹಾರ, ನಿಂಬೆಹಣ್ಣು, ಫೋಟೊ ಎಂದು ಗಡಿಬಿಡಿ ಇರುತ್ತದೆ. ಬಾಕಿ ಹಣ ಕಟ್ಟುವ ಮೊದಲು ಇನ್‌ವಾಯ್ಸಿನ ಜೊತೆಗೆ ಕನೆಕ್ಟೆಡ್ ಸೇವೆಯ ಅವಧಿ ಬರೆದ ಕಾಗದ ಕೇಳಿ ಪಡೆಯಿರಿ. ಆ್ಯಪ್ ಖಾತೆ ತೆರೆಯಬೇಕಾದದ್ದು ನಿಮ್ಮ ಮೊಬೈಲ್ ಸಂಖ್ಯೆಯಿಂದ. ಸೇಲ್ಸ್‌ನವರು ಬೇಗ ಮುಗಿಸಲೆಂದು ತಮ್ಮ ನಂಬರಿನಲ್ಲಿ ಚಾಲೂ ಮಾಡಿಕೊಟ್ಟರೆ ಒಪ್ಪಬೇಡಿ. ಒಪ್ಪಿಗೆ ಕೇಳುವ ಪುಟಗಳಲ್ಲಿ ನಿಮ್ಮ ಓಡಾಟದ ಮಾಹಿತಿಯನ್ನು ಬೇರೆಯವರ ಜೊತೆ ಹಂಚಿಕೊಳ್ಳುವ ಸಾಲಿಗೂ ಗುರುತು ಹಾಕಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದು ಇಂಥ ಒಪ್ಪಿಗೆಯನ್ನು ನಿಮ್ಮ ಇಷ್ಟಕ್ಕೆ ಬಿಡುವುದಕ್ಕೇ. ಆ್ಯಪಿನಲ್ಲಿ ಕಾಣುವ ಕೊನೆಯ ತಾರೀಕನ್ನು ಸ್ಕ್ರೀನ್‌ಶಾಟ್ ತೆಗೆದು, ಅದಕ್ಕೆ ಒಂದು ತಿಂಗಳು ಮೊದಲು ಫೋನಿನಲ್ಲಿ ಜ್ಞಾಪನೆ ಇಡಿ.

ಮನೆಗೆ ಬಂದ ಮೇಲೆ ಕಾರನ್ನು ದಿನವೂ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಆ್ಯಪ್ ಪರೀಕ್ಷಿಸಿ. ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಚಾರ್ಜಿಂಗ್ ಸಂದೇಶವೂ ಇಲ್ಲ, ದೂರದ ಎ.ಸಿ.ಯೂ ಇಲ್ಲ. ಅಂಥವರು ಉಚಿತ ಅವಧಿ ಮುಗಿದ ಮೇಲೆ ಚಂದಾ ಕಟ್ಟುವ ಅಗತ್ಯವೇನಿದೆ ಎಂದು ಆಗಲೇ ತೀರ್ಮಾನಿಸಬಹುದು.

ಕೊಟ್ಟ ಮಾತು ತಪ್ಪಿದರೆ

ಮೊದಲು ಡೀಲರ್, ಆಮೇಲೆ ಕಂಪನಿಗೆ ಇಮೇಲ್. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ, ಶುಲ್ಕವಿಲ್ಲ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಅಲ್ಲೇ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಮೊದಲ ಹೆಜ್ಜೆಯಲ್ಲಿ ಎತ್ತಿಟ್ಟ ಫೋಟೊ, ಮೂರನೆಯದರ ಇಮೇಲ್ ಎರಡೂ ಇಲ್ಲಿ ದಾಖಲೆಯಾಗುತ್ತವೆ. ನನ್ನ ಬಳಿ ಅವು ಇರಲಿಲ್ಲ, ಹಾಗಾಗಿ ನಾನು ಎರಡನೇ ವರ್ಷಕ್ಕೆ ದುಡ್ಡು ಕಟ್ಟಿದೆ.

ಮುಂದೆ ಎಂದಾದರೂ ಕಾರು ಮಾರಿದರೆ, ಆರ್‌ಸಿ ವರ್ಗಾವಣೆಯ ಜೊತೆಗೆ ಆ್ಯಪ್ ಖಾತೆಯಿಂದ ಕಾರನ್ನು ತೆಗೆದುಹಾಕಿ, ಆಟೊ ಡೆಬಿಟ್ ರದ್ದು ಮಾಡಿ, ಕಾರಿನ ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಒತ್ತಿ. ಮನೆಯ ವಿಳಾಸ, ಫೋನ್ ಪುಸ್ತಕ ಅಳಿಸಿದೆ ಎಂದು ಕಣ್ಣಾರೆ ನೋಡಿದ ಮೇಲೆ ಕೀಲಿ ಕೊಡಿ.