ಈಜು ಬಾರದ ಹಿರಿಯರನ್ನು ಗುಹೆಯ ನದಿಯಲ್ಲಿ ತೇಲಿಸಿದ ಬಗೆ: ನನ್ನ ಅನುಭವ

2025ರ ಫೆಬ್ರವರಿಯಲ್ಲಿ ನನ್ನ ಅತ್ತೆ ಮಧ್ಯ ಅಮೆರಿಕದ ಬೆಲೀಜ್ ದೇಶದ ಗುಹೆಯೊಂದರ ಬಾಯಿಂದ ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಅಂಗಾತ ಮಲಗಿ ಬಿಸಿಲಿಗೆ ತೇಲಿ ಬಂದರು. ಅವರಿಗೆ 68 ವರ್ಷ, ಈಜು ಬಾರದು, ಊರಿನ ಕೆರೆಯಲ್ಲಿ ಮೊಣಕಾಲು ದಾಟಿ ಇಳಿದವರಲ್ಲ. ಆ ದಿನ ನಾವು 14 ಜನ ನೀರಿಗೆ ಇಳಿದಿದ್ದೆವು, ಅದರಲ್ಲಿ 6 ಮಂದಿ ಅರವತ್ತು ದಾಟಿದವರು. ಯಾರೂ ನೀರು ಕುಡಿಯಲಿಲ್ಲ, ಯಾರೂ ಅರ್ಧದಲ್ಲಿ ವಾಪಸು ಬರಲಿಲ್ಲ. ಎರಡು ವರ್ಷ ಎಲ್ಲರೂ ನನಗೆ ಹೇಳುತ್ತಿದ್ದುದು ಒಂದೇ ಮಾತು: "ವಯಸ್ಸಾದವರನ್ನು ದಡದಲ್ಲಿ ಕೂರಿಸು, ಮಕ್ಕಳನ್ನು ಕರೆದುಕೊಂಡು ಹೋಗು." ಹಾಗೆ ಹೇಳಿದವರಲ್ಲಿ ಇಂಥ ಪ್ರವಾಸಗಳನ್ನು ನನಗಿಂತ ಹೆಚ್ಚು ಮಾಡಿಸಿದವರೂ ಇದ್ದರು. ಗುಂಪು ಕಟ್ಟಿಕೊಂಡು ಹೋಗುವ ನಿಮ್ಮಂಥವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಹೆಲ್ಮೆಟ್, ಹಣೆದೀಪ, ಲೈಫ್ ಜಾಕೆಟ್ ಇವೆಲ್ಲ ನಿಮಗೆ ಗೊತ್ತಿರುವಂಥವೇ, ಅವುಗಳ ಪಾಠ ಬೇಡ.

ನಾವು ಹೋಗುವುದು ನೊಹೋಚ್ ಚೆಯೆನ್ ಎಂಬ ಸಂರಕ್ಷಿತ ತಾಣಕ್ಕೆ. ಬೆಲೀಜ್ ಸಿಟಿಯಿಂದ ವ್ಯಾನಿನಲ್ಲಿ ಸುಮಾರು ಒಂದು ಗಂಟೆ. ಕೇವ್ಸ್ ಬ್ರಾಂಚ್ ನದಿ ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದು ಒಳಗೇ ಹರಿಯುತ್ತದೆ. ವಾಹನ ನಿಲ್ಲಿಸಿ, ನದಿಯನ್ನು ಒಮ್ಮೆ ಕಾಲ್ನಡಿಗೆಯಲ್ಲಿ ದಾಟಿ, ಟ್ಯೂಬನ್ನು ಹೆಗಲಿಗೇರಿಸಿ ಕಾಡಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಡೆದರೆ ಮೇಲಿನ ಗುಹೆ ಸಿಗುತ್ತದೆ. ಅಲ್ಲಿ ಟ್ಯೂಬಿನಲ್ಲಿ ಕುಳಿತರೆ ನದಿಯೇ ಮತ್ತೆ ಹೊರಟ ಜಾಗದ ಹತ್ತಿರಕ್ಕೆ ತಂದು ಬಿಡುತ್ತದೆ. ಎಲ್ಲ ಗುಂಪುಗಳೂ ಇದೇ ಕ್ರಮ ಅನುಸರಿಸುತ್ತವೆ: ಮೊದಲು ನಡಿಗೆ, ಆಮೇಲೆ ಗುಹೆ, ಕೊನೆಯಲ್ಲಿ ಸಮಯ ಉಳಿದರೆ ಈಜು. ನಾನು ಮಾಡಿದ್ದು ಇದನ್ನು ತಲೆಕೆಳಗು ಮಾಡಿದ್ದು, ಅಷ್ಟೇ. ಆದರೆ ಅಲ್ಲಿಗೆ ಬರಲು ಮೂರು ಸಲ ಸೋಲಬೇಕಾಯಿತು.

ಮೊದಲ ಸಲ, 2023ರ ಮಾರ್ಚ್. 9 ಜನ. ಎಲ್ಲರೂ ಹೋಗುವ ಕ್ರಮದಲ್ಲೇ ಹೋದೆವು. ಎರಡು ಗುಹೆಗಳ ನಡುವೆ ನದಿ ಸ್ವಲ್ಪ ಇಳಿಜಾರಿನಲ್ಲಿ ಹರಿಯುವ ಕಡೆ, ಗುಂಪಿನ ಒಬ್ಬ ಹಿರಿಯರ ಟ್ಯೂಬ್ ಬಂಡೆಗೆ ತಾಗಿ ಅವರು ಹಿಂದಕ್ಕೆ ಉರುಳಿದರು. ನೀರು ಸೊಂಟದಷ್ಟೂ ಇರಲಿಲ್ಲ. ಜಾಕೆಟ್ ಇತ್ತು. ಆದರೂ ಅವರು ಗಾಬರಿಯಾಗಿ ಎದ್ದು ನಿಲ್ಲಲು ಹೋದರು. ಹರಿಯುವ ನೀರಿನಲ್ಲಿ ಮಾಡಬಾರದ ಕೆಲಸ ಅದು: ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಸೆಳವು ಮೈಯನ್ನು ಮುಂದಕ್ಕೆ ಕೆಡವುತ್ತದೆ. ಅವರ ಪಾದ ಸಿಕ್ಕಲಿಲ್ಲ, ಮೊಣಕಾಲು ಮಾತ್ರ ತರಚಿತು. ಆದರೆ ಬೀಳುವಾಗ ಅವರು ಮುಂದಿದ್ದವರ ಟ್ಯೂಬನ್ನು ಹಿಡಿದು ಎಳೆದದ್ದರಿಂದ ಸಾಲು ಕಡಿದು, ನಾಲ್ಕು ಜನ ಮುಂದಿನ ಗುಹೆಯ ಕತ್ತಲೆಗೆ ಒಂಟಿಯಾಗಿ ತೇಲಿ ಹೋದರು. ಎರಡೇ ನಿಮಿಷದಲ್ಲಿ ಮಾರ್ಗದರ್ಶಿ ಅವರನ್ನು ಕೂಡಿಸಿಕೊಂಡ. ಆ ಎರಡು ನಿಮಿಷ ಒಳಗಿಂದ ಕೇಳಿಬಂದ ಕೂಗು ನನಗೆ ಇಂದಿಗೂ ಮರೆತಿಲ್ಲ. ಎರಡು ಕನ್ನಡಕ, ಒಂದು ಮೊಬೈಲ್ ನದಿಪಾಲಾದವು.

ಅದೇ ದಿನ ಹಣದ ವಿಷಯದಲ್ಲೂ ಪೆಟ್ಟು ತಿಂದೆ. ಅಲ್ಲಿ ಎರಡು ಬೆಲೀಜ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ದರ ಬದಲಾಗುವುದಿಲ್ಲ, ಎರಡೂ ನೋಟು ನಡೆಯುತ್ತವೆ. ಮಾರ್ಗದರ್ಶಿಗಳನ್ನೂ ಚಾಲಕನನ್ನೂ ಸೇರಿಸಿ 12 ಊಟ, ಒಂದಕ್ಕೆ 15 ಡಾಲರ್ ಎಂದರು. ನಾನು 180 ಅಮೆರಿಕನ್ ಡಾಲರ್ ಎಣಿಸಿ ಕೊಟ್ಟೆ. ಅವರು ಹೇಳಿದ್ದು ಬೆಲೀಜ್ ಡಾಲರ್ ಲೆಕ್ಕ. ರಾತ್ರಿ ಹೋಟೆಲಿನಲ್ಲಿ ಚೀಟಿ ನೋಡಿದಾಗ 90 ಡಾಲರ್ ಹೆಚ್ಚು ಹೋಗಿದೆ ಎಂದು ತಿಳಿಯಿತು. ಬೆಲೆ ಕೇಳಿದ ತಕ್ಷಣ "ಯಾವ ಡಾಲರ್?" ಎಂದು ಕೇಳಿ, ಪ್ರತಿ ಸಲವೂ ಕೇಳಿ.

ಎರಡನೆಯ ಸಲ, ಅದೇ ವರ್ಷದ ಅಕ್ಟೋಬರ್. ದಸರೆಯ ರಜೆ, ವಿಮಾನದ ಟಿಕೆಟ್ ಅಗ್ಗ. ಅಗ್ಗ ಏಕೆಂದರೆ ಅದು ಅಲ್ಲಿ ಮಳೆಗಾಲ. ಜೂನ್‌ನಿಂದ ನವೆಂಬರ್‌ವರೆಗೆ ಯಾವ ದಿನ ನದಿ ಏರುತ್ತದೆ ಎಂದು ಹೇಳಲಾಗದು, ಏರಿದರೆ ಗುಹೆಗೆ ಬಿಡುವುದಿಲ್ಲ. ನಾವು ತಲುಪಿದ ಬೆಳಿಗ್ಗೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ದೊಡ್ಡ ಕೊಂಬೆಗಳು ಕೊಚ್ಚಿಕೊಂಡು ಹೋಗುತ್ತಿದ್ದವು. 11 ಜನರ ಮುಂಗಡ, ತಲೆಗೆ 35ರಂತೆ 385 ಡಾಲರ್, ವ್ಯಾನಿಗೆ ಸುಮಾರು 180. ಮುಂಗಡದಲ್ಲಿ ಒಂದು ಕಾಸೂ ಹಿಂತಿರುಗಲಿಲ್ಲ. ಗುಂಪಿನವರ ಹತ್ತಿರ ಕೇಳಲು ಮನಸ್ಸು ಬರದೆ ನಾನೇ ಭರಿಸಿದೆ. ಈಗ ನೀರಿನ ಕಾರಣಕ್ಕೆ ರದ್ದಾದರೆ ದಿನ ಬದಲಿಸಿಕೊಡುತ್ತೇವೆ ಎಂದು ಬರೆದುಕೊಡದವರಿಗೆ ಮುಂಗಡ ಕೊಡುವುದಿಲ್ಲ.

ಮೂರನೆಯ ಸಲಕ್ಕೆ ನನಗೆ ಹೊಳೆದದ್ದು, ಇವರಿಗೆ ಗುಹೆಗೆ ಮೊದಲು ನೀರಿನ ಪರಿಚಯವಾಗಬೇಕು ಎಂಬುದು. ಯೋಚನೆ ಸರಿಯಿತ್ತು, ಆರಿಸಿದ ಜಾಗ ತಪ್ಪು. ರಾಜಧಾನಿ ಬೆಲ್ಮೋಪಾನ್ ದಾಟಿ ಹಮ್ಮಿಂಗ್‌ಬರ್ಡ್ ಹೆದ್ದಾರಿಯಲ್ಲಿ ಸಿಗುವ ಬ್ಲೂ ಹೋಲ್ ರಾಷ್ಟ್ರೀಯ ಉದ್ಯಾನಕ್ಕೆ ಹಿಂದಿನ ದಿನವೇ ಕರೆದೊಯ್ದೆ. ನೆಲದಡಿಯ ನದಿ ಕುಸಿದ ಕುಳಿಯೊಂದರಲ್ಲಿ ಮೇಲೆ ಬಂದು ಮತ್ತೆ ಬಂಡೆಯಡಿ ಮರೆಯಾಗುವ ಮಡು ಅದು, ನೀಲಮಣಿಯ ಬಣ್ಣ. ನನಗೆ ಅದಕ್ಕಿಂತ ಸುಂದರವಾದ ಈಜಿನ ಜಾಗ ಗೊತ್ತಿಲ್ಲ. ಆದರೆ ಕಾಲಿಟ್ಟ ಕೂಡಲೇ ಆಳ, ತಳ ಕಾಣದು, ನೀರು ತಣ್ಣಗೆ ಕೊರೆಯುತ್ತದೆ. ಹಿರಿಯರು ಮೆಟ್ಟಿಲಿನ ಕಬ್ಬಿಣ ಹಿಡಿದವರು ಬಿಡಲಿಲ್ಲ. ಇದ್ದ ಧೈರ್ಯವೂ ಅಲ್ಲೇ ಕರಗಿತು. ಮರುದಿನ ಇಬ್ಬರು ಗುಹೆಗೆ ಬರುವುದಿಲ್ಲ ಎಂದುಬಿಟ್ಟರು. ಅದು ಏಪ್ರಿಲ್ ಕೊನೆ ಬೇರೆ: ನದಿ ಬತ್ತಿ, ಪ್ರತಿ ಇಪ್ಪತ್ತು ಮಾರಿಗೊಮ್ಮೆ ಸೊಂಟ ಎತ್ತಿ ಕಲ್ಲು ದಾಟಿಸಬೇಕು, ಇಲ್ಲವೇ ಎದ್ದು ಟ್ಯೂಬ್ ಹೊತ್ತು ನಡೆಯಬೇಕು. ಬಂದವರ ಬೆನ್ನಿನ ಕೆಳಭಾಗ ಒಂದು ವಾರ ನೋಯುತ್ತಿತ್ತಂತೆ. ಹಿರಿಯರ ಗುಂಪಿಗೆ ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಸರಿ. ನೀರು ತಿಳಿಯಾಗಿರುತ್ತದೆ, ತೇಲಿಸುವಷ್ಟೂ ಇರುತ್ತದೆ.

ನಾಲ್ಕನೆಯ ಸಲ ಗೆದ್ದ ಕ್ರಮ ಇದು. ಹೊರಡುವ ಮೊದಲು ಆರು ಭಾನುವಾರ ನಮ್ಮ ಬಡಾವಣೆಯ ಈಜುಕೊಳದಲ್ಲಿ ಅಭ್ಯಾಸ. ಈಜು ಕಲಿಸಲು ಹೋಗಲಿಲ್ಲ, ಆರು ವಾರದಲ್ಲಿ ಅದು ಆಗುವುದೂ ಇಲ್ಲ. ಮೂರೇ ಕೆಲಸ: ಬೀಳುವುದು, ಮಲಗುವುದು, ಹತ್ತುವುದು. ಜಾಕೆಟ್ ಹಾಕಿ ಟ್ಯೂಬಿನಿಂದ ಬೇಕೆಂದೇ ಬೀಳಬೇಕು. ಬಿದ್ದ ಮೇಲೆ ನಿಲ್ಲಬಾರದು. ಅಂಗಾತ ಮಲಗಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಂಡು ಐದು ಉಸಿರು ಎಣಿಸಬೇಕು. ಆಮೇಲೆ ಟ್ಯೂಬಿನ ಒಂದು ಅಂಚನ್ನು ಒತ್ತಿ ಸೊಂಟದಡಿ ತಂದುಕೊಂಡು ಕೂರಬೇಕು. ಅತ್ತೆ ಮೊದಲ ಭಾನುವಾರ ಒಂದು ಸಲವೂ ಬೀಳಲಿಲ್ಲ. "ಬೇಕೆಂದು ಯಾರಾದರೂ ಬೀಳುತ್ತಾರೆಯೇ ತಾಯಿ?" ಎಂದು ಕೇಳಿದರು. ನಾಲ್ಕನೆಯ ಭಾನುವಾರ ನಾನು ಹೇಳುವ ಮೊದಲೇ ಬೀಳತೊಡಗಿದರು. ಕೊನೆಯ ಎರಡು ವಾರ ಎಲ್ಲವನ್ನೂ ಕಣ್ಣು ಮುಚ್ಚಿ ಮಾಡಿಸಿದೆ.

ಬಟ್ಟೆಯದೇ ಒಂದು ಪ್ರಯೋಗ ನಡೆಯಿತು. ಅತ್ತೆ ಸೀರೆ ಬಿಡುವುದಿಲ್ಲ ಎಂದರು. ಬೇಡ ಎನ್ನುವ ಬದಲು ತೂಗಿ ತೋರಿಸೋಣ ಎಂದುಕೊಂಡೆ. ಕೊಳದಿಂದ ತೆಗೆದ ಹತ್ತಿ ಸೀರೆಯನ್ನು ಹಿಂಡದೆ ಬಕೆಟ್ಟಿಗೆ ಹಾಕಿ ತೂಗಿದಾಗ ಎರಡು ಕಿಲೋ ದಾಟಿತು. ತೂಕಕ್ಕಿಂತ ಕೆಟ್ಟದ್ದು, ಅದು ಬಿಚ್ಚಿಕೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರದ ಹತ್ತಿ ಕುರ್ತಾ ಸುಮಾರು ಒಂದು ಕಿಲೋ. ಕೊನೆಗೆ ಎಲ್ಲರೂ ಪಾಲಿಯೆಸ್ಟರ್ ಪ್ಯಾಂಟ್, ಮೇಲೆ ನಿಯೋಪ್ರೀನ್ ಎಂಬ ಮೈ ಬೆಚ್ಚಗಿಡುವ ರಬ್ಬರಿನ ಅಂಗಿ, ಒಂದಕ್ಕೆ 30 ಡಾಲರಿನಂತೆ ಕೊಂಡೆವು. ದುಬಾರಿ ಅನ್ನಿಸಿತು, ಆದರೆ ಗುಹೆಯ ನೀರಿನಲ್ಲಿ ಒಂದು ಗಂಟೆ ಕುಳಿತರೆ ನಡುಕ ಹುಟ್ಟುವುದು ವಯಸ್ಸಾದವರಿಗೇ ಮೊದಲು. ತಾಳಿಸರವನ್ನು ಒಳಬಟ್ಟೆಗೆ ಪಿನ್ ಹಾಕಿಸಿದೆ. ಕನ್ನಡಕಕ್ಕೆ ಹಿಂಬದಿಯ ದಾರ ಕಡ್ಡಾಯ.

ಈಗ ಮುಖ್ಯ ಸಂಗತಿ. ಬೆಳಿಗ್ಗೆ 8ಕ್ಕೆ ಅಲ್ಲಿದ್ದೆವು. ಬಂದರಿಗೆ ಕ್ರೂಸ್ ಹಡಗು ಬರುವ ದಿನ ಹತ್ತು ಗಂಟೆಯ ನಂತರ ನದಿಯಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ಹಡಗಿಲ್ಲದ ದಿನ ನೋಡಿಯೇ ನಾನು ವಿಮಾನದ ಟಿಕೆಟ್ ಮಾಡಿಸುತ್ತೇನೆ. ವಾಹನ ನಿಲ್ಲಿಸುವ ಜಾಗದ ಹತ್ತಿರ ಎಲ್ಲರೂ ದಾಟಿ ಹೋಗುವ ಕಡವಿನಲ್ಲೇ ನದಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ತಳದ ಗುಂಡುಕಲ್ಲುಗಳು ಎಣಿಸುವಷ್ಟು ಸ್ಪಷ್ಟ. ಅಲ್ಲೇ 40 ನಿಮಿಷ ಟ್ಯೂಬಿಲ್ಲದೆ, ಜಾಕೆಟ್ ಒಂದರಲ್ಲೇ ಎಲ್ಲರನ್ನೂ ನದಿಗೆ ಇಳಿಸಿದೆ. ಮೇಲಿನಿಂದ ಕಾಲು ಮುಂದಾಗಿ ಮಲಗಿ ತೇಲಿ ಬರಬೇಕು, ಕೆಳಗೆ ಮಾರ್ಗದರ್ಶಿ ಹಿಡಿದುಕೊಳ್ಳುತ್ತಾನೆ. ತಲೆಗೆ ನಾಲ್ಕೈದು ಸುತ್ತು. ಕೊಳದಲ್ಲಿ ಕಲಿತದ್ದಕ್ಕೆ ಸೆಳವು ಸೇರಿಕೊಂಡಾಗ ಮೈಗೆ ಹೇಗೆ ತಿಳಿಯುತ್ತದೆ ಎಂಬುದು ಇಲ್ಲಿ ಅವರಿಗೆ ಗೊತ್ತಾಗುತ್ತದೆ. ಮೂರನೆಯ ಸುತ್ತಿನಲ್ಲಿ ಅತ್ತೆಯ ಹಿಡಿದ ಮುಷ್ಟಿ ತಾನಾಗಿ ಬಿಚ್ಚಿದ್ದನ್ನು ನಾನು ನೋಡಿದೆ. ಅಂಗೈ ಮೇಲಾಗಿ ನೀರಿನ ಮೇಲೆ ಎಲೆಯ ಹಾಗೆ ಅಲುಗುತ್ತಿತ್ತು.

ಮಾರ್ಗದರ್ಶಿಗಳು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. "ಮೊದಲೇ ಒದ್ದೆಯಾದರೆ ಕಾಡಿನಲ್ಲಿ ನಡೆಯುವಾಗ ಸುಸ್ತಾಗುತ್ತಾರೆ" ಎಂದು ವಾದಿಸಿದರು. ಆದದ್ದು ಅದರ ವಿರುದ್ಧ. ತಣ್ಣಗಾದ ಮೈಗೆ ಆ ಅರ್ಧ ಗಂಟೆಯ ನಡಿಗೆ, ಕಾಡಿನ ಸೆಖೆ ಎರಡೂ ಸೇರಿ ಬಿಸಿ ತಂದವು. ಗುಹೆಯ ಬಾಯಿಗೆ ತಲುಪುವಾಗ ಎಲ್ಲರೂ ಮತ್ತೆ ನೀರಿಗಾಗಿ ಹಾತೊರೆಯುತ್ತಿದ್ದರು. ಹೆಚ್ಚಿನ ಸಮಯಕ್ಕೆಂದು ಮೂವರು ಮಾರ್ಗದರ್ಶಿಗಳಿಗೂ ತಲಾ 20 ಡಾಲರ್ ಬೇರೆಯಾಗಿ ಕೊಟ್ಟೆ. ಮೊದಲೇ ಕೊಟ್ಟುಬಿಡಿ, ಕೊನೆಯಲ್ಲಿ ಕೊಟ್ಟರೆ ಅದು ಬರೀ ಭಕ್ಷೀಸಾಗುತ್ತದೆ.

ಗುಹೆಯಲ್ಲಿ ಸಾಲು ಕಟ್ಟುವುದು ನಿಮಗೆ ತಿಳಿದದ್ದೇ: ಹಿಂದಿನವರ ಪಾದ ಮುಂದಿನವರ ಕಂಕುಳಡಿ. ಯಾರ ಹಿಂದೆ ಯಾರನ್ನು ಕೂರಿಸಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ವಯಸ್ಸಿನ ಲೆಕ್ಕವಲ್ಲ, ತೂಕದ್ದೂ ಅಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಪ್ರವಾಸದ ಹಣ ತೆತ್ತು ಕಲಿತದ್ದು ಅದು. ನನ್ನೊಂದಿಗೆ ಬಂದವರು ನೋಡಿ ತಿಳಿದುಕೊಳ್ಳಲಿ.

ಒಳಗೆ ಎಲ್ಲ ದೀಪ ಆರಿಸುವ ಒಂದು ನಿಮಿಷವಿರುತ್ತದಲ್ಲ, ಅದನ್ನು ಹಿರಿಯರ ಗುಂಪಿಗೆ ಬೇಡವೆಂದು ಹಲವರು ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ. ಪ್ರಾಚೀನ ಮಾಯಾ ಜನ ಇಂಥ ಗುಹೆಗಳನ್ನು ಶಿಬಾಲ್ಬಾ ಎಂಬ ಪಾತಾಳಲೋಕದ ಬಾಗಿಲು ಎಂದು ನಂಬಿದ್ದರು. ಪೂಜೆಗೆ ತಂದ ಮಡಕೆಗಳ ಚೂರುಗಳು ಅಲ್ಲಿನ ಗುಹೆಗಳಲ್ಲಿ ಸಿಕ್ಕಿವೆ. ಮಾರ್ಗದರ್ಶಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ದೀಪ ಆರಿಸಿದೆವು. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದ ಕತ್ತಲೆ. ಚಾವಣಿಯಿಂದ ಒಂದೊಂದೇ ಹನಿ ನೀರಿಗೆ ಬೀಳುವ ಸದ್ದು, ಎಲ್ಲೋ ಬಾವಲಿಯ ರೆಕ್ಕೆ. ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದ ಆ ಎರಡು ವಾರ ಇಲ್ಲಿ ಫಲ ಕೊಟ್ಟಿತು. ದೀಪ ಹಚ್ಚಿದಾಗ ಇಳಿಬಿದ್ದ ಸುಣ್ಣಕಲ್ಲಿನ ಜಡೆಗಳು ಒದ್ದೆಯಾಗಿ ಹೊಳೆದವು. "ಗರ್ಭಗುಡಿಯಲ್ಲಿ ಮಂಗಳಾರತಿ ಆದ ಹಾಗಾಯಿತು" ಎಂದರು ಅತ್ತೆ.

ಕತ್ತಲೆಯಲ್ಲಿ ಧೈರ್ಯಕ್ಕೆ ಹಾಡಿಸುವುದೋ ಎಣಿಸುವುದೋ ಎಂಬುದನ್ನೂ ಪರೀಕ್ಷಿಸಿದೆ. ಮೊದಲ ಗುಹೆಯಲ್ಲಿ ಹಾಡು. ಪ್ರತಿಧ್ವನಿ ಮೈ ಜುಮ್ಮೆನ್ನಿಸಿತು, ಆದರೆ ಮುಂದಿನಿಂದ ಮಾರ್ಗದರ್ಶಿ "ಸೊಂಟ ಎತ್ತಿ" ಎಂದು ಕೂಗಿದ್ದು ಹಿಂದಿನ ಐದಾರು ಜನಕ್ಕೆ ಕೇಳಲೇ ಇಲ್ಲ. ಎರಡನೆಯದರಲ್ಲಿ ಸಂಖ್ಯೆ: ಆಗಾಗ ಒಂದರಿಂದ ಹದಿನಾಲ್ಕರವರೆಗೆ ಒಬ್ಬೊಬ್ಬರೂ ತಮ್ಮ ಅಂಕಿ ಕೂಗಬೇಕು. ಇದು ಸರಿಯಾಯಿತು. ಯಾರ ದನಿ ನಡುಗುತ್ತಿದೆ ಎಂಬುದೂ ಅಂಕಿಯಲ್ಲೇ ಗೊತ್ತಾಗುತ್ತದೆ.

ಊಟದ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಕೆಂಪು ರಾಜ್ಮಾ ಕಾಳು ಎಲ್ಲ ಕಡೆ ಸಿಗುತ್ತದೆ, ರುಚಿಯಾಗಿಯೂ ಇರುತ್ತದೆ. "ಮಾಂಸ ಬೇಡ" ಎಂದರೆ ಮೇಲಿನ ಕೋಳಿ ತೆಗೆದು ಕೊಡುತ್ತಾರೆ, ಆದರೆ ಕಾಳಿನ ಜೊತೆಗೇ ಹಂದಿಯ ಬಾಲ ಬೇಯಿಸುವ ಪದ್ಧತಿ ಅಲ್ಲಿದೆ. ಸಸ್ಯಾಹಾರಿಗಳಿದ್ದರೆ ಹಿಂದಿನ ದಿನವೇ ಬಿಡಿಸಿ ಹೇಳಿ.

ಖರ್ಚು ನೆನಪಿರುವಂತೆ: ಪ್ರವಾಸಕ್ಕೆ ತಲಾ 75 ಡಾಲರ್, ವ್ಯಾನ್ 20ರ ಹತ್ತಿರ, ಊಟ 10, ಮಾರ್ಗದರ್ಶಿಗಳ ಹೆಚ್ಚುವರಿ ಸೇರಿ ಒಟ್ಟು ಸುಮಾರು 110, ಎಲ್ಲ ಅಮೆರಿಕನ್ ಡಾಲರ್. ವಿಮಾನ, ಹೋಟೆಲ್, ಅಂಗಿ ಬೇರೆ. ಹಿಂದಿನ ಮೂರು ಸಲದಲ್ಲಿ ನನ್ನ ಕೈಯಿಂದ ಹೋದದ್ದು ಸಾವಿರಕ್ಕೆ ಹತ್ತಿರ.

ಕೊನೆಯ ಗುಹೆ ದಾಟಿ ಕಡವು ಕಾಣುತ್ತಿದ್ದಂತೆ ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಟ್ಯೂಬಿನಿಂದ ತಾವಾಗಿಯೇ ಜಾರಿ ಬಿದ್ದು, ಕಾಲು ಮುಂದಿಟ್ಟು ಮಲಗಿ ದಡದವರೆಗೆ ತೇಲಿ ಬಂದರು. ದಡದಲ್ಲಿ ಕಾಯುತ್ತಿದ್ದ ಮಾವ ಮುಂದಿನ ಸಲ ತಾವೂ ಬರುವುದಾಗಿ ಆಗಲೇ ಹೇಳಿದರು. ಅವರಿಗೆ ಶ್ರವಣಯಂತ್ರವಿದೆ. ತೆಗೆದಿಟ್ಟರೆ ಕತ್ತಲೆಯಲ್ಲಿ ಯಾವ ಕೂಗೂ ಕೇಳಿಸದು. ಹಿಂದಿನವರು ಪಾದದಿಂದ ಎರಡು ಸಲ ಒತ್ತಿದರೆ ಸೊಂಟ ಎತ್ತುವುದು, ಒಂದು ಸಲ ಒತ್ತಿದರೆ ಇಳಿಸುವುದು ಎಂದು ಈಗ ಕೊಳದಲ್ಲಿ ಅಭ್ಯಾಸ ನಡೆದಿದೆ. ಹತ್ತಕ್ಕೆ ಏಳು ಸಲ ಸರಿಯಾಗುತ್ತಿದೆ, ಇನ್ನೂ ಎಂಟು ಭಾನುವಾರ ಉಳಿದಿವೆ.